ಮನೆಯಲ್ಲೇ ಓದಿಕೊಳ್ಳಿ ಎಂದ ಪಾಠ

ಮಾತನಾಡುವವರು ಇಬ್ಬರು. ಒಬ್ಬರು ಬಸವಕಲ್ಯಾಣದ ನಿವೃತ್ತ ಮಾಸ್ತರು. ಇನ್ನೊಬ್ಬಳು ಹುಮನಾಬಾದಿನ ಯುವತಿ, ಹದಿಹರೆಯದವರ ಆರೋಗ್ಯ ಶಿಕ್ಷಣಕ್ಕಾಗಿ ಹಳ್ಳಿ ತಾಂಡಾ ತಿರುಗುವ ಗೆಳೆಯ ಗೆಳತಿಯರ ಗುಂಪಿನವಳು. ಮಕ್ಕಳ ಗ್ರಾಮಸಭೆಯಲ್ಲಿ ಇಡಬೇಕೆಂದಿರುವ ಬೇಡಿಕೆಗಳ ಕರಡು ಇಬ್ಬರ ನಡುವೆ ಇದೆ.

ಮಾಸ್ತರು: ಎರಡು ಸಲ ಓದಿದೆ ತಂಗೀ. ಹುಡುಗಿಯರ ಶೌಚಾಲಯಕ್ಕೆ ನೀರು, ಶುಚಿ ಯೋಜನೆಯ ಪ್ಯಾಡು ತಪ್ಪದೆ ಸಿಗುವುದು, ಹೈಸ್ಕೂಲಿನ ಹೊತ್ತಿಗೆ ಸರಿಯಾಗಿ ಬಸ್ಸು. ಈ ಮೂರಕ್ಕೂ ನನ್ನ ಒಪ್ಪಿಗೆ ಇದೆ. ನಾಲ್ಕನೆಯದಕ್ಕೆ ಬಂದಾಗ ಕೈ ತಡೆಯಿತು. ಪಂಚಾಯಿತಿಯ ಹಿರಿಯರೆಲ್ಲ ಕುಳಿತಿರುವಾಗ ಹದಿಮೂರು ಹದಿನಾಲ್ಕರ ಹುಡುಗಿ ಎದ್ದು ನಿಂತು ‘ನಮಗೆ ಲೈಂಗಿಕ ಆರೋಗ್ಯ ಶಿಕ್ಷಣ ಬೇಕು’ ಎನ್ನಬೇಕೆ? ಇದು ಕಲ್ಯಾಣ. ಬಸವಣ್ಣನವರು, ಅಲ್ಲಮಪ್ರಭು, ಅಕ್ಕಮಹಾದೇವಿ ನಡೆದಾಡಿದ ನೆಲ. ಇಲ್ಲಿನ ಜನಕ್ಕೆ ಅವರದೇ ಆದ ಮರ್ಯಾದೆಯ ಕಲ್ಪನೆ ಇದೆ. ಪಾಠ ಹೇಗೂ ಪುಸ್ತಕದಲ್ಲಿದೆ. ಅದನ್ನು ಊರ ನಡುವೆ ತಂದು ಕೇಳುವುದೇಕೆ?

ಯುವತಿ: ಕಲ್ಯಾಣದ ಹೆಸರನ್ನು ನೀವೇ ಎತ್ತಿದ್ದು ಒಳ್ಳೆಯದಾಯಿತು ಸರ್. ಶರಣರು ಐದು ಸೂತಕಗಳನ್ನು ತಳ್ಳಿಹಾಕಿದರು ಎಂದು ಹೇಳುವಾಗ ಜಾತಿ, ಜನನ, ಮರಣ, ಎಂಜಲು ಎಂದು ನಾಲ್ಕನ್ನು ಗಟ್ಟಿಯಾಗಿ ಹೇಳಿ ಐದನೆಯದಕ್ಕೆ ದನಿ ತಗ್ಗಿಸುತ್ತೇವೆ. ಆ ಐದನೆಯದು ರಜಸ್ಸೂತಕ, ಮುಟ್ಟಿನ ಮೈಲಿಗೆ. ಹನ್ನೆರಡನೆಯ ಶತಮಾನದ ಒಂದು ಚಳವಳಿ ಹೆಣ್ಣಿನ ಮೈಯಲ್ಲಿ ತಿಂಗಳಿಗೊಮ್ಮೆ ನಡೆಯುವ ಕ್ರಿಯೆಯನ್ನು ತತ್ವದ ಪ್ರಶ್ನೆಯಾಗಿ ಎತ್ತಿಕೊಂಡಿತು, ಅದರಲ್ಲಿ ಹೊಲಸೇನೂ ಇಲ್ಲವೆಂದು ತೀರ್ಮಾನಿಸಿತು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆಯಿಂದ ಕಲ್ಯಾಣ ಹೊತ್ತಿ ಉರಿಯಿತು ಎಂದು ಪರಂಪರೆ ಹೇಳುತ್ತದೆ. ಯಾರ ಮದುವೆ ಯಾರೊಂದಿಗೆ, ಅದನ್ನು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಯೇ ಅಲ್ಲಿಯೂ ಇತ್ತು. ಮೈಯ ಬಗ್ಗೆ, ಮದುವೆಯ ಬಗ್ಗೆ, ಒಪ್ಪಿಗೆಯ ಬಗ್ಗೆ ಬಾಯಿಬಿಟ್ಟು ಮಾತನಾಡುವುದು ಈ ಊರಿಗೆ ಪರಕೀಯವೆಂದು ಹೇಳಲು ಇತಿಹಾಸ ಒಪ್ಪುವುದಿಲ್ಲ. ಇನ್ನು ಪುಸ್ತಕದ ಮಾತು. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠವಿದೆ, ಗರ್ಭ ತಡೆಯುವ ವಿಧಾನಗಳಿವೆ, ಲೈಂಗಿಕವಾಗಿ ಹರಡುವ ಸೋಂಕುಗಳ ಹೆಸರುಗಳಿವೆ. ಆದರೆ ಎಷ್ಟೋ ತರಗತಿಗಳಲ್ಲಿ ಆ ಪಾಠ ಬಂದಾಗ ‘ಇದನ್ನು ಮನೆಯಲ್ಲೇ ಓದಿಕೊಳ್ಳಿ’ ಎಂಬ ಮಾತು ಬರುತ್ತದೆ. ಮನೆಯಲ್ಲಿ ಓದಿಸುವವರು ಯಾರು? ತಾಯಿಗೂ ಯಾರೂ ಓದಿಸಿರಲಿಲ್ಲ. ಮೇಲಾಗಿ ಹತ್ತನೆಯ ತರಗತಿ ತಲುಪುವ ಮೊದಲೇ ಕೆಲವರ ಬಾಳಿನ ದೊಡ್ಡ ತೀರ್ಮಾನ ಆಗಿಹೋಗಿರುತ್ತದೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21.3 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಐವರಲ್ಲಿ ಒಬ್ಬಳು. ಹಿಂದಿನ ಸಮೀಕ್ಷೆಗೂ ಇದಕ್ಕೂ ವ್ಯತ್ಯಾಸವೇ ಇಲ್ಲ ಎನ್ನುವಷ್ಟು ಕಡಿಮೆ. ದೊಡ್ಡವಳಾದಳು ಎಂದು ಆರತಿ ಎತ್ತಿದ ದಿನದಿಂದ ಗಂಡು ಹುಡುಕುವ ದಿನದವರೆಗೆ ಆಕೆಯ ಮೈಯ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಆಕೆಯೊಂದಿಗೆ ಮಾತನಾಡುವವರು ಸಿಗುವುದಿಲ್ಲ.

ಮಾಸ್ತರು: ನೀನು ಹೇಳುವುದು ಖರೆ. ಆದರೆ ನಮ್ಮಂಥ ಮಾಸ್ತರರು ಹಿಂಜರಿದದ್ದಕ್ಕೆ ಮೇಲಿನವರೂ ಕಾರಣ. 2005ರಲ್ಲಿ ಕೇಂದ್ರ ಸರ್ಕಾರ ಹದಿಹರೆಯ ಶಿಕ್ಷಣ ಕಾರ್ಯಕ್ರಮ ತಂದಿತು. ಚಿತ್ರಗಳು ಅಶ್ಲೀಲ ಎಂಬ ಕೂಗು ಎದ್ದು 2007ರಲ್ಲಿ ಹಲವು ರಾಜ್ಯಗಳು ಅದನ್ನು ತಡೆದವು, ಅವುಗಳಲ್ಲಿ ಕರ್ನಾಟಕವೂ ಒಂದು. 2009ರಲ್ಲಿ ಎಂ. ವೆಂಕಯ್ಯ ನಾಯ್ಡು ಅವರ ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿಯೂ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದೇ ಹೇಳಿತು. ಸಂಸತ್ತಿನಲ್ಲಿ ಕುಳಿತವರಿಗೇ ಅಂಜಿಕೆ ಇದ್ದ ಮೇಲೆ ಹಳ್ಳಿಯ ತಂದೆತಾಯಿಯ ಅಂಜಿಕೆಯನ್ನು ತಪ್ಪೆನ್ನಲು ಆಗದು. ಹೇಳಿಕೊಟ್ಟರೆ ಮಾಡಿ ನೋಡುತ್ತಾರೆ ಎಂಬ ಭಯ ಅವರದು.

ಯುವತಿ: ಆ ಭಯವನ್ನು ನಾನು ಹಗುರ ಮಾಡುವುದಿಲ್ಲ. ಮಗಳ ಮೇಲಿನ ಕಾಳಜಿಯಿಂದಲೇ ಅದು ಹುಟ್ಟುತ್ತದೆ. ಆದರೆ ಭಯ ನಿಜವೋ ಎಂಬುದನ್ನು ಪರೀಕ್ಷಿಸಬಹುದು, ಪರೀಕ್ಷಿಸಿಯೂ ಇದ್ದಾರೆ. ಯುನೆಸ್ಕೋ 2009ರಲ್ಲಿ ಹೊರತಂದು 2018ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿ ಹಲವಾರು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಇಂಥ ಶಿಕ್ಷಣ ಪಡೆದ ಮಕ್ಕಳು ಬೇಗ ದೈಹಿಕ ಸಂಬಂಧಕ್ಕೆ ಇಳಿದರು ಎಂಬುದಕ್ಕೆ ಆಧಾರ ಸಿಗಲಿಲ್ಲ. ಕೆಲವು ಕಡೆ ಅದು ತಡವಾಯಿತು, ಕಾಂಡೋಮ್ ಮತ್ತಿತರ ಸುರಕ್ಷೆಯ ಬಳಕೆ ಹೆಚ್ಚಾಯಿತು. ಸಂಯಮ ಒಂದನ್ನೇ ಬೋಧಿಸಿ ಉಳಿದದ್ದನ್ನು ಮುಚ್ಚಿಟ್ಟ ಪಾಠಗಳು ಅಂದುಕೊಂಡ ಫಲ ಕೊಡಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಮಕ್ಕಳ ಅಶ್ಲೀಲ ವಿಡಿಯೊ ಕುರಿತ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಇದೇ ವಿಷಯವನ್ನು ಎತ್ತಿಕೊಂಡಿತು: ಲೈಂಗಿಕ ಶಿಕ್ಷಣ ಪಾಶ್ಚಾತ್ಯರದು, ಅದು ಮಕ್ಕಳ ನಡತೆ ಕೆಡಿಸುತ್ತದೆ ಎಂಬ ತಿಳಿವಳಿಕೆ ತಪ್ಪು ಎಂದಿತು. ಇನ್ನೊಂದು ಮಾತು. 2007ರಲ್ಲಿ ಚಿತ್ರಪಟ ತಡೆದಾಗ ಮಗುವಿನ ಕೈಯಲ್ಲಿ ಫೋನು ಇರಲಿಲ್ಲ. ಇಂದು ಎಂಟನೆಯ ತರಗತಿಯ ಹುಡುಗನಿಗೆ ಮೈಯ ಬಗ್ಗೆ ಮೊದಲ ಪಾಠ ಆಗುತ್ತಿರುವುದು ಆ ಫೋನಿನಲ್ಲಿ, ಹೆಣ್ಣನ್ನು ಹಿಂಸಿಸುವ ವಿಡಿಯೊಗಳಿಂದ. ಕಲಿಸಬೇಕೋ ಬೇಡವೋ ಎಂದು ನಾವು ಚರ್ಚಿಸುತ್ತಿರುವಾಗ ಕಲಿಕೆ ಆಗಲೇ ಶುರುವಾಗಿದೆ. ಕಲಿಸುವವರು ಯಾರಾಗಬೇಕು ಎಂಬುದಷ್ಟೇ ಉಳಿದ ಪ್ರಶ್ನೆ.

ಮಾಸ್ತರು: ಪಾಶ್ಚಾತ್ಯ ಎಂಬ ಮಾತನ್ನು ಕೋರ್ಟು ಒಪ್ಪದಿದ್ದರೂ ನಿನ್ನ ಕರಡಿನ ಇನ್ನೊಂದು ಪದ ನನಗೆ ಅಪರಿಚಿತ. ‘ಸಂತಾನ ನ್ಯಾಯ’ ಎಂದು ಬರೆದಿದ್ದೀಯ. ಕುಟುಂಬ ಯೋಜನೆ ಗೊತ್ತು, ತಾಯಿ ಮಗುವಿನ ಆರೋಗ್ಯ ಗೊತ್ತು. ಹೆರುವುದರಲ್ಲಿ ನ್ಯಾಯ ಅನ್ಯಾಯ ಎಲ್ಲಿಂದ ಬಂತು?

ಯುವತಿ: ಪದ ಹುಟ್ಟಿದ್ದು ಅಮೆರಿಕದಲ್ಲಿ, 1994ರಲ್ಲಿ, ಷಿಕಾಗೊದಲ್ಲಿ ಸೇರಿದ್ದ ಕಪ್ಪು ಮಹಿಳೆಯರ ಗುಂಪಿನಲ್ಲಿ. ಮಗು ಬೇಡವೆನ್ನುವ ಹಕ್ಕು, ಬೇಕೆನ್ನುವ ಹಕ್ಕು, ಹುಟ್ಟಿದ ಮಗುವನ್ನು ಸುರಕ್ಷಿತವಾಗಿ ಬೆಳೆಸುವ ಹಕ್ಕು, ಮೂರೂ ಒಂದೇ ಎಂದರು ಅವರು. ಬಡವಳಿಗೆ, ಕೆಳಗಿಟ್ಟ ಸಮುದಾಯದವಳಿಗೆ ಈ ಮೂರರಲ್ಲಿ ಒಂದೂ ಪೂರ್ತಿಯಾಗಿ ಸಿಗುವುದಿಲ್ಲ ಎಂದರು. ಪದ ಅಲ್ಲಿಯದಾದರೂ ಸಂಗತಿ ನಮ್ಮ ಪಕ್ಕದ ಜಿಲ್ಲೆಯಲ್ಲಿದೆ. ಹುಮನಾಬಾದಿನಲ್ಲಿ ರೈಲು ಹತ್ತಿದರೆ ಕಲಬುರಗಿ. 2015ರಲ್ಲಿ ಅಲ್ಲಿ ಹೊರಬಿದ್ದ ಸಂಗತಿ ನಿಮಗೂ ನೆನಪಿರಬೇಕು. ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಹೆಂಗಸರು ಬೆನ್ನುನೋವು, ಹೊಟ್ಟೆನೋವು, ಬಿಳಿ ಸೆರಗು ಎಂದು ಪಟ್ಟಣದ ಖಾಸಗಿ ಆಸ್ಪತ್ರೆಗಳಿಗೆ ಹೋದವರು ಗರ್ಭಚೀಲ ತೆಗೆಸಿಕೊಂಡು ಮರಳಿದರು. ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿದ್ದರು. ಕರ್ನಾಟಕ ಜನಾರೋಗ್ಯ ಚಳವಳಿಯವರು ಊರೂರು ಸುತ್ತಿದಾಗ 38 ಹಳ್ಳಿಗಳಲ್ಲಿ ಇಂಥವರ ಲೆಕ್ಕ ಎರಡು ಸಾವಿರ ದಾಟಿತು. ಎಷ್ಟೋ ಜನ ಮೂವತ್ತೈದು ತುಂಬದವರು. ತನಿಖೆ ನಡೆಯಿತು, ಆಸ್ಪತ್ರೆಗಳ ಪರವಾನಗಿ ರದ್ದಿನ ಮಾತಾಯಿತು. ಆದರೂ ನ್ಯಾಯ ಕಾಣದೆ 2017ರ ಫೆಬ್ರುವರಿಯಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರು ಕಲಬುರಗಿಯ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕುಳಿತರು. ಪಶ್ಚಿಮಕ್ಕೆ ಹೊರಳಿದರೆ ಮರಾಠವಾಡಾ. 2019ರಲ್ಲಿ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಸಮೀಕ್ಷೆ ನಡೆದಾಗ 82 ಸಾವಿರ ಮಂದಿಯಲ್ಲಿ 13 ಸಾವಿರಕ್ಕೂ ಮಿಕ್ಕಿ ಹೆಂಗಸರಿಗೆ ಗರ್ಭಕೋಶವೇ ಇರಲಿಲ್ಲ. ಮುಟ್ಟಿನ ನೋವಿಗೆ ಒಂದು ದಿನ ಕೆಲಸ ಬಿಟ್ಟರೆ ಗುತ್ತಿಗೆದಾರ ಮುಕಾದಮ ದಂಡ ಹಿಡಿಯುತ್ತಾನೆ. ಗರ್ಭಚೀಲವೇ ಹೋದರೆ ದಂಡದ ಕಾಟವೂ ಹೋಗುತ್ತದೆ ಎಂಬ ಲೆಕ್ಕ. ಕಬ್ಬು ನಮ್ಮ ಬೀದರಿನ ಬೆಳೆಯೂ ಹೌದು ಸರ್. ಇದನ್ನು ಬೇರೆ ಊರಿನ ಸುದ್ದಿ ಎಂದು ಓದಿ ಮಡಚಿಡಲು ಬರುವುದಿಲ್ಲ.

ಈ ಎರಡು ಪ್ರಕರಣಗಳ ಹಿಂದೆ, ಯಾವ ಹಗರಣವೂ ಆಗದೆ ನಿತ್ಯ ನಡೆಯುವ ಇನ್ನೊಂದು ಸಂಗತಿ ಇದೆ. ಆಗ ಹೇಳಿದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ, 15ರಿಂದ 49ರ ವಯೋಮಾನದಲ್ಲಿ, ನೂರಕ್ಕೆ ಸುಮಾರು 57 ಮಂದಿ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಆಪರೇಷನ್ನಿನ ಲೆಕ್ಕ ಸೊನ್ನೆ. ಗಂಡಸಿಗೆ ಮಾಡುವ ಆಪರೇಷನ್ ಸರಳ, ಹೊಟ್ಟೆ ಕೊಯ್ಯುವಂತಿಲ್ಲ, ಅದೇ ದಿನ ಮನೆಗೆ ಹೋಗಬಹುದು. ಆದರೂ ಅವನ ದುಡಿಮೆ ಕುಂದೀತು, ಗಂಡಸ್ತನ ಹೋದೀತು ಎಂಬ ಸುಳ್ಳು ಮನೆಮನೆಯಲ್ಲಿ ಗಟ್ಟಿಯಾಗಿ ಕೂತಿದೆ. ವಂಕಿ, ನುಂಗುವ ಗುಳಿಗೆ, ಮೂರು ತಿಂಗಳ ಇಂಜೆಕ್ಷನ್ ಸರ್ಕಾರಿ ಆಸ್ಪತ್ರೆಯಲ್ಲಿ ಇವೆ. ಕೇಳುವವರಿಲ್ಲ, ಕೂಡಿಸಿಕೊಂಡು ಹೇಳುವವರೂ ಕಡಿಮೆ. ಹೀಗೆ ನಮ್ಮ ಕಡೆಯ ಹುಡುಗಿಯೊಬ್ಬಳ ಬಾಳನ್ನು ಸಾಲಾಗಿ ಇಟ್ಟು ನೋಡಿ: ಮುಟ್ಟು ಶುರುವಾದಾಗ ಅದೇನೆಂದು ಗೊತ್ತಿರುವುದಿಲ್ಲ. ಹದಿನೇಳಕ್ಕೆ ಮದುವೆ. ಇಪ್ಪತ್ತು ಇಪ್ಪತ್ತೊಂದಕ್ಕೆ ಎರಡು ಮಕ್ಕಳು, ನಡುವೆ ಅಂತರವಿಲ್ಲ. ಅಲ್ಲಿಂದ ಆಪರೇಷನ್. ಮೂವತ್ತು ದಾಟುತ್ತಲೇ ಬಿಳಿ ಸೆರಗಿಗೆ ಹೆದರಿ ಗರ್ಭಚೀಲ ತೆಗೆಸುವುದು. ಪ್ರತಿ ಹೆಜ್ಜೆಯಲ್ಲೂ ಒಂದು ಹೆಬ್ಬೆಟ್ಟೋ ಸಹಿಯೋ ಬಿದ್ದಿದೆ, ‘ಒಪ್ಪಿದ್ದಾಳೆ’ ಎಂದು ಕಾಗದ ಹೇಳುತ್ತದೆ. ತನ್ನ ಒಳಗಿನ ಅಂಗ ಏನು ಮಾಡುತ್ತದೆ ಎಂದು ತಿಳಿಯದವಳ ಸಹಿಯನ್ನು ಒಪ್ಪಿಗೆ ಎಂದು ಕರೆಯಬಹುದೆ? ನಾನು ಕೇಳುವುದು ಇದೊಂದನ್ನೇ. ನನ್ನ ಮಟ್ಟಿಗೆ ಸಂತಾನ ನ್ಯಾಯವೆಂದರೆ ಆ ಸಹಿಯನ್ನು ನಿಜವಾದ ಒಪ್ಪಿಗೆ ಮಾಡುವ ಕೆಲಸ. ಅದು ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಶುರುವಾದರೆ ತಡವಾಗುತ್ತದೆ. ಮನೆಯಲ್ಲೇ ಓದಿಕೊಳ್ಳಿ ಎಂದು ಬಿಟ್ಟ ಆ ಪಾಠದಿಂದ ಶುರುವಾಗಬೇಕು.

ಮಾಸ್ತರು: ಇಲ್ಲಿ ನಿನ್ನನ್ನು ತಡೆಯುತ್ತೇನೆ. ಕಲಬುರಗಿಯಲ್ಲಿ ಆದದ್ದು ವೈದ್ಯರ ದುರಾಸೆ. ಬೀಡಿನಲ್ಲಿ ಆಗುತ್ತಿರುವುದು ಹಸಿವು, ಗುತ್ತಿಗೆದಾರರ ಜುಲುಮೆ. ಎಂಟನೆಯ ತರಗತಿಯಲ್ಲಿ ನಾಲ್ಕು ಚಿತ್ರ ತೋರಿಸಿದರೆ ಮುಕಾದಮ ದಂಡ ಬಿಡುತ್ತಾನೆಯೇ? ಆಸ್ಪತ್ರೆಯ ಮಾಲೀಕ ಸುಳ್ಳು ಹೇಳುವುದನ್ನು ನಿಲ್ಲಿಸುತ್ತಾನೆಯೇ? ಎಲ್ಲ ರೋಗಕ್ಕೂ ಪಾಠವನ್ನೇ ಮದ್ದು ಎನ್ನುವವರನ್ನು ನಾನು ಬಹಳ ನೋಡಿದ್ದೇನೆ. ಕೊನೆಗೆ ಭಾರ ಬೀಳುವುದು ಮಾಸ್ತರನ ತಲೆಯ ಮೇಲೆ.

ಯುವತಿ: ನಿಮ್ಮ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ನನ್ನದೇ ಪಕ್ಷದ ವಿರುದ್ಧ ಒಂದು ಆಧಾರವನ್ನೂ ಕೊಡುತ್ತೇನೆ. 2014ರಿಂದ 2017ರ ತನಕ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ‘ಸಮತಾ’ ಎಂಬ ಕಾರ್ಯಕ್ರಮ ನಡೆಯಿತು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರ ಜತೆ, ಅವರ ಮನೆಯವರ ಜತೆ, ಹುಡುಗರ ಜತೆ ಕೆಲಸ ಮಾಡಿತು. ಶಾಲೆ ಬಿಡುವುದನ್ನೂ ಬಾಲ್ಯವಿವಾಹವನ್ನೂ ತಗ್ಗಿಸುವುದು ಗುರಿ. ಕಾರ್ಯಕ್ರಮ ನಡೆದ ಹಳ್ಳಿಗಳನ್ನು ನಡೆಯದ ಹಳ್ಳಿಗಳ ಜತೆ ಹೋಲಿಸಿ ನೋಡಿದಾಗ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಮುಚ್ಚಿಟ್ಟು ಊರಲ್ಲಿ ಭಾಷಣ ಮಾಡುವವರು ಜನರ ನಂಬಿಕೆ ಕಳೆದುಕೊಳ್ಳುತ್ತಾರೆ. ಆದರೆ ಇದರಿಂದ ನಾನು ಕಲಿತದ್ದು ಪಾಠ ಬೇಡ ಎಂದಲ್ಲ. ಒಬ್ಬಳಿಗೆ ಅರಿವು ಕೊಟ್ಟು ಆಕೆಯ ಸುತ್ತಲಿನ ಬಸ್ಸು, ಶಾಲೆ, ಕೂಲಿ, ಆಸ್ಪತ್ರೆ ಹಾಗೆಯೇ ಇದ್ದರೆ ಅರಿವು ಒಂಟಿಯಾಗುತ್ತದೆ ಎಂದು. ಅದಕ್ಕೇ ಕರಡಿನಲ್ಲಿ ಬಸ್ಸು, ನೀರು, ಪ್ಯಾಡುಗಳ ಪಕ್ಕದಲ್ಲೇ ನಾಲ್ಕನೆಯ ಬೇಡಿಕೆ ಇದೆ. ದುರಾಸೆಯ ವೈದ್ಯರ ವಿಷಯಕ್ಕೂ ಅಷ್ಟೆ. ಸರ್ಕಾರ ಅವರನ್ನು ಹಿಡಿಯಬೇಕು. 2023ರಲ್ಲಿ ಸುಪ್ರೀಂ ಕೋರ್ಟು ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಗಳನ್ನು ರಾಜ್ಯಗಳು ಜಾರಿಗೆ ತರಬೇಕೆಂದು ಹೇಳಿದೆ. ಆದರೆ ಸುಳ್ಳು ನಾಟುವುದು ಕೇಳುವವಳಿಗೆ ಏನೂ ಗೊತ್ತಿಲ್ಲದ ಕಡೆ. ಬಿಳಿ ಸೆರಗು ಸಾಮಾನ್ಯವಾಗಿ ಗುಳಿಗೆಗೆ ವಾಸಿಯಾಗುವ ಸೋಂಕಿನಿಂದ ಬರುತ್ತದೆ, ಕೆಲವೊಮ್ಮೆ ಅದು ಮೈಯ ಸಹಜ ಸ್ಥಿತಿಯೇ, ಕ್ಯಾನ್ಸರ್ ಎನ್ನಲು ಪರೀಕ್ಷೆ ಬೇಕು ಎಂಬ ನಾಲ್ಕು ಮಾತು ಶಾಲೆಯಲ್ಲಿ ಕಿವಿಗೆ ಬಿದ್ದಿದ್ದರೆ ಆ ಹೆಂಗಸು ‘ಇನ್ನೊಬ್ಬ ಡಾಕ್ಟರನ್ನೂ ಕೇಳಿ ಬರುತ್ತೇನೆ’ ಎನ್ನುತ್ತಿದ್ದಳು. ಅಷ್ಟು ಹೇಳುವ ಧೈರ್ಯವೇ ಎಷ್ಟೋ ಗರ್ಭಚೀಲಗಳನ್ನು ಉಳಿಸುತ್ತಿತ್ತು.

ಮಾಸ್ತರು: ಸರಿ. ಈಗ ಮಾಸ್ತರನ ಅಂಜಿಕೆಯನ್ನೂ ಕೇಳು. ಈ ವಿಷಯದಲ್ಲಿ ತರಗತಿಯಲ್ಲಿ ಬಾಯಿ ತೆರೆದರೆ ಯಾವ ಮಾತನ್ನು ಯಾರು ಹೇಗೆ ಹೊರಗೆ ಹೇಳುತ್ತಾರೋ ಎಂಬ ಭಯ ಒಂದು. ಇನ್ನೊಂದು, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ. ಹುಡುಗಿಯೊಬ್ಬಳು ನಂಬಿ ಏನಾದರೂ ಹೇಳಿಕೊಂಡರೆ ಅದನ್ನು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಮಾಸ್ತರನೇ ಅಪರಾಧಿ. ಹದಿನಾರು ಹದಿನೇಳರ ಇಬ್ಬರು ಪ್ರೀತಿಸಿ ಓಡಿಹೋದರೆ ಹುಡುಗನ ಮೇಲೆ ಕೇಸು, ಹುಡುಗಿ ಬಾಲಮಂದಿರಕ್ಕೆ. ಇಂಥ ಕಾನೂನಿನ ನಡುವೆ ಯಾವ ಶಿಕ್ಷಕ ಮನಸ್ಸು ಬಿಚ್ಚಿ ಮಾತನಾಡುತ್ತಾನೆ?

ಯುವತಿ: ಕಾನೂನು ಬಿಗಿಯಾದಷ್ಟೂ ಅದನ್ನು ಮೊದಲೇ ತಿಳಿಸುವ ಹೊಣೆ ಹೆಚ್ಚುತ್ತದೆ. 2022ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಇಂಥದೇ ಒಂದು ಪ್ರಕರಣ ಕೇಳುವಾಗ ಎರಡು ಮಾತು ಹೇಳಿತು. ಒಪ್ಪಿಗೆಯ ವಯಸ್ಸಿನ ಬಗ್ಗೆ ನೆಲದ ವಾಸ್ತವ ನೋಡಿ ಕಾನೂನು ಆಯೋಗ ಮತ್ತೆ ಯೋಚಿಸಲಿ ಎಂಬುದು ಒಂದು. ಒಂಬತ್ತನೆಯ ತರಗತಿಯಿಂದಲಾದರೂ ಮಕ್ಕಳಿಗೆ ಪೋಕ್ಸೊ ಕಾಯ್ದೆಯ ತಿಳಿವಳಿಕೆ ಕೊಡುವ ಪಾಠಸಾಮಗ್ರಿ ಸಿದ್ಧವಾಗಲಿ, ಅದಕ್ಕೆ ಶಿಕ್ಷಣ ಇಲಾಖೆ ಸಮಿತಿ ಮಾಡಲಿ ಎಂಬುದು ಇನ್ನೊಂದು. ಆಯೋಗ 2023ರ ವರದಿಯಲ್ಲಿ ಹದಿನೆಂಟನ್ನು ಇಳಿಸಲು ಒಪ್ಪಲಿಲ್ಲ. ಅಂದ ಮೇಲೆ ಹದಿನಾರರ ಹುಡುಗನಿಗೂ ಹುಡುಗಿಗೂ ಈ ಗೆರೆ ಎಲ್ಲಿದೆ ಎಂದು ಹೇಳದೆ, ದಾಟಿದ ಮೇಲೆ ಶಿಕ್ಷೆ ಕೊಡುವುದು ಯಾವ ನ್ಯಾಯ? ಗಡಿಯ ತಾಲ್ಲೂಕುಗಳಲ್ಲಿ ಇನ್ನೂ ಒಂದು ತೊಡಕಿದೆ. ಕರ್ನಾಟಕದ 2016ರ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಕೇಂದ್ರದ 2006ರ ಕಾಯ್ದೆಯಲ್ಲಿ ಹಾಗಿಲ್ಲ. ಚಿಕ್ಕ ವಯಸ್ಸಿನಲ್ಲಿ ಮದುವೆಯಾದವರೇ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು, ಅದೂ ವಯಸ್ಸಿಗೆ ಬಂದ ಎರಡು ವರ್ಷದೊಳಗೆ. ಬಸವಕಲ್ಯಾಣದಿಂದ ಉಮರ್ಗಾ ಎಷ್ಟು ದೂರ ಸರ್? ಹುಮನಾಬಾದಿನಿಂದ ಜಹೀರಾಬಾದ್? ಹೆಣ್ಣು ಕೊಡುವುದು ತರುವುದು ಎಲ್ಲ ಈ ಗಡಿಗಳ ಆಚೀಚೆಯೇ. ಲಗ್ನ ಯಾವ ರಾಜ್ಯದ ಮಂಟಪದಲ್ಲಿ ಆಯಿತು ಎಂಬುದರ ಮೇಲೆ ಆಕೆಯ ಹಕ್ಕು ಬದಲಾಗಬಹುದು ಎಂಬುದನ್ನು ಆಕೆಗೆ ಹೇಳುವವರು ಬೇಡವೆ?

ಪೊಲೀಸರ ಭಯ ಆಸ್ಪತ್ರೆಯ ತನಕವೂ ಹೋಗುತ್ತದೆ. ಬಸಿರಾದ ಹದಿನೇಳರ ಹುಡುಗಿ ತಾಲ್ಲೂಕು ಆಸ್ಪತ್ರೆಗೆ ಹೋಗಲು ಹೆದರಿ ಯಾರೋ ಕೊಟ್ಟ ಗುಳಿಗೆ ನುಂಗುತ್ತಾಳೆ, ರಕ್ತ ನಿಲ್ಲದಾದಾಗ ಕೊನೆಗೆ ಅದೇ ಆಸ್ಪತ್ರೆಗೆ ಹೊತ್ತುಕೊಂಡು ಬರುತ್ತಾರೆ. ಕಾನೂನಿನಲ್ಲಿ ದಾರಿ ಇದೆ. 1971ರ ಗರ್ಭಪಾತ ಕಾಯ್ದೆ 2021ರಲ್ಲಿ ತಿದ್ದುಪಡಿಯಾಗಿ, ಅಪ್ರಾಪ್ತರೂ ಸೇರಿದಂತೆ ಕೆಲವು ವರ್ಗದವರಿಗೆ 24 ವಾರದ ತನಕ ಅವಕಾಶವಿದೆ. ಹದಿನೆಂಟರ ಒಳಗಿನವಳಿಗೆ ಪೋಷಕರ ಒಪ್ಪಿಗೆ ಬೇಕು. 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಮದುವೆಯಾಗದವರಿಗೂ ಈ ಹಕ್ಕು ಸಮಾನ ಎಂದಿತು. ಅಪ್ರಾಪ್ತೆ ಮತ್ತು ಆಕೆಯ ಪೋಷಕರು ಕೋರಿದರೆ, ಪೋಕ್ಸೊ ಮಾಹಿತಿ ಕೊಡುವಾಗ ವೈದ್ಯರು ಆಕೆಯ ಗುರುತು ಹೇಳಬೇಕಾಗಿಲ್ಲ ಎಂದೂ ಹೇಳಿತು. ಇದು ದಿಲ್ಲಿಯಲ್ಲಿ ಬರೆದ ತೀರ್ಪು. ತಾಂಡಾದ ತಾಯಿಗೆ ಇದು ತಲುಪುವ ದಾರಿ ಯಾವುದು? ಆಶಾ ಕಾರ್ಯಕರ್ತೆ, ಶಾಲೆ, ಗ್ರಾಮಸಭೆ, ಈ ಮೂರೇ.

ಮಾಸ್ತರು: ಹಾಗಾದರೆ ಆಶಾ ಕೇಳಲಿ, ನಾವು ಮಾಸ್ತರರು ಕೇಳೋಣ, ಪಂಚಾಯಿತಿ ಠರಾವು ಮಾಡಲಿ. ಮಕ್ಕಳನ್ನೇ ಏಕೆ ಮುಂದೆ ನಿಲ್ಲಿಸುತ್ತೀರಿ? ಹೀಗೆ ಹೇಳುವುದಕ್ಕೆ ಕ್ಷಮಿಸು ತಂಗೀ, ನಿಮ್ಮಂಥ ಗುಂಪುಗಳು ನಿಮ್ಮ ಮಾತನ್ನು ಮಕ್ಕಳ ಬಾಯಿಗೆ ಇಡುತ್ತೀರಿ ಎಂಬ ಅನುಮಾನ ಊರಲ್ಲಿದೆ. ‘ಲೈಂಗಿಕ ಆರೋಗ್ಯ ಶಿಕ್ಷಣ’ ಎಂಬುದು ಯಾವ ಮಗುವಿನ ಮಾತೂ ಅಲ್ಲ.

ಯುವತಿ: ಕೊನೆಯ ಮಾತನ್ನು ಒಪ್ಪುತ್ತೇನೆ, ಕರಡನ್ನು ತಿದ್ದಬೇಕು. ಆದರೆ ಮಕ್ಕಳು ಕೇಳಬಾರದು ಎಂಬುದನ್ನು ಒಪ್ಪಲಾರೆ. ನಮ್ಮ ರಾಜ್ಯದಲ್ಲಿ ದೊಡ್ಡವರು ಕೇಳದೇ ಇರಲಿಲ್ಲ. 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ಗರ್ಭನಿರೋಧ ಕ್ಲಿನಿಕ್ ತೆರೆಯಿತು, ಆಗ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು. ವೈದ್ಯೆಯೂ ಲೇಖಕಿಯೂ ಆದ ಅನುಪಮಾ ನಿರಂಜನ ಹದಿಹರೆಯದ ಹುಡುಗಿಯರಿಗಾಗಿಯೇ ‘ಕೇಳು ಕಿಶೋರಿ’ ಎಂಬ ಪುಸ್ತಕ ಬರೆದರು. 2014ರಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಬಂತು, ರಾಜ್ಯದಲ್ಲಿ ಸ್ನೇಹ ಕ್ಲಿನಿಕ್‌ಗಳು ಬಂದವು. 2020ರಲ್ಲಿ ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮ ಬಂದು, ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರು ಆರೋಗ್ಯ ರಾಯಭಾರಿಗಳಾಗಬೇಕೆಂದಿತು. ಅದರ ಹನ್ನೊಂದು ವಿಷಯಗಳಲ್ಲಿ ಸಂತಾನೋತ್ಪತ್ತಿ ಆರೋಗ್ಯವೂ, ಹೆಣ್ಣು ಗಂಡಿನ ಸಮಾನತೆಯೂ ಸೇರಿವೆ. ಕಾಗದದ ಮೇಲೆ ನಮಗೆ ಕೊರತೆಯಿಲ್ಲ. ಕೊರತೆ ಇರುವುದು ಲೆಕ್ಕ ಕೇಳುವವರಲ್ಲಿ. ಶುಚಿಯನ್ನೇ ನೋಡಿ: 2013–14ರಲ್ಲಿ ಶುರುವಾದ ಯೋಜನೆ ಕೆಲವು ವರ್ಷ ನಿಂತೇ ಹೋಗಿ 2024ರಲ್ಲಿ ಮತ್ತೆ ಎದ್ದಿತು. ಪ್ಯಾಡು ಬರಲಿಲ್ಲ ಎಂಬುದು ಮೊದಲು ಗೊತ್ತಾಗುವುದು ಹುಡುಗಿಗೆ. ಸ್ನೇಹ ಕ್ಲಿನಿಕ್ಕಿನ ಬಾಗಿಲು ಹೊರರೋಗಿಗಳ ಸಾಲಿನ ಎದುರಿಗೇ ಇದ್ದರೆ, ಒಳಗೆ ಹೋದ ಸುದ್ದಿ ಸಂಜೆಯೊಳಗೆ ಮನೆ ಮುಟ್ಟುತ್ತದೆ ಎಂಬುದು ಗೊತ್ತಿರುವುದೂ ಅವರಿಗೇ. ಮಕ್ಕಳ ಗ್ರಾಮಸಭೆಯನ್ನು ಪ್ರತಿ ಪಂಚಾಯಿತಿ ವರ್ಷಕ್ಕೊಮ್ಮೆ ನಡೆಸಬೇಕೆಂದು ಈ ರಾಜ್ಯ 2006ರಲ್ಲೇ ಹೇಳಿದ್ದು ಇಂಥ ಕೇಳ್ವಿಗಾಗಿಯೇ. ಅಲ್ಲಿ ಮಕ್ಕಳು ಆಟದ ಮೈದಾನವನ್ನಷ್ಟೇ ಕೇಳಬೇಕೆಂದು ನಾವು ಗೆರೆ ಎಳೆದರೆ, ಆ ಸಭೆ ದೊಡ್ಡವರ ಭಾಷಣದ ಸಭೆಯಾಗುತ್ತದೆ.

ಮಕ್ಕಳ ಬಾಯಿಗೆ ನಮ್ಮ ಮಾತು ಇಡದಿರಲು ಒಂದು ದಾರಿ ಇದೆ. ಸಭೆಗೆ ಮೊದಲು ಪ್ರತಿ ಶಾಲೆಯಲ್ಲಿ ಬೀಗ ಹಾಕಿದ ಪ್ರಶ್ನೆ ಪೆಟ್ಟಿಗೆ ಇಡೋಣ, ಹೆಸರು ಬರೆಯುವುದು ಬೇಡ. ಕನ್ನಡ ಶಾಲೆಯಷ್ಟೇ ಸಾಲದು, ಇಲ್ಲಿ ಮರಾಠಿ ಶಾಲೆಗಳಿವೆ, ಉರ್ದು ಶಾಲೆಗಳಿವೆ, ತಾಂಡಾದ ಮಗುವಿಗೆ ಮನೆಮಾತು ಲಂಬಾಣಿ. ಮೈಯ ಮಾತು ಮನೆಮಾತಿನಲ್ಲೇ ಸಲೀಸು. ಹುಡುಗರ ಪೆಟ್ಟಿಗೆಯೂ ಇರಬೇಕು. ಗಂಡಸರ ಆಪರೇಷನ್ ಸೊನ್ನೆಯಲ್ಲೇ ನಿಂತದ್ದು ಹುಡುಗರಿಗೆ ಯಾರೂ ಏನೂ ಹೇಳದೆ ಇದ್ದುದರ ಫಲವೂ ಹೌದು. ಪೆಟ್ಟಿಗೆಯಲ್ಲಿ ಬಂದ ಪ್ರಶ್ನೆಗಳನ್ನೇ ನಾಲ್ಕನೆಯ ಬೇಡಿಕೆಯ ಕೆಳಗೆ ಬರೆಯೋಣ, ಅವರದೇ ಅಕ್ಷರದಲ್ಲಿ. ‘ಇವಕ್ಕೆ ಉತ್ತರ ಹೇಳುವವರನ್ನು ಶಾಲೆಗೆ ಕಳಿಸಿ’ ಎಂದಷ್ಟೇ ಮಕ್ಕಳು ಕೇಳಲಿ. ತಾಯಂದಿರ ಸಭೆಯನ್ನೂ ಅದಕ್ಕೆ ಮೊದಲೇ ಕರೆಯೋಣ. ಮಗಳಿಗೆ ಹೇಳುವುದನ್ನು ತಾಯಿ ಮೊದಲು ಕೇಳಲಿ, ಬೇಡವೆನಿಸಿದ್ದನ್ನು ಹೇಳಲಿ. ಎಷ್ಟೋ ಸಲ ಮಗಳಿಗಿಂತ ಹೆಚ್ಚು ಪ್ರಶ್ನೆಗಳು ತಾಯಿಯ ಬಳಿಯೇ ಇರುತ್ತವೆ.

ಮಾಸ್ತರು: ಪೆಟ್ಟಿಗೆಯ ಮಾತು ಒಪ್ಪುತ್ತೇನೆ. ‘ಲೈಂಗಿಕ ಶಿಕ್ಷಣ’ ಎಂಬುದನ್ನು ಹೊಡೆದುಹಾಕಿ ‘ನಮ್ಮ ಪ್ರಶ್ನೆಗಳಿಗೆ ಉತ್ತರ’ ಎಂದು ಬರೆ. ಉತ್ತರ ಹೇಳಲು ತಾಲ್ಲೂಕು ಆಸ್ಪತ್ರೆಯ ವೈದ್ಯೆಯನ್ನು ಕರೆಯಲು ನಾನೇ ಪತ್ರ ಬರೆಯುತ್ತೇನೆ. ಹುಡುಗರಿಗೆ ಒಬ್ಬ ಗಂಡು ವೈದ್ಯರು. ಮೊದಲ ಒಂದೆರಡು ಸಲ ಬೇರೆ ಬೇರೆ ಕೂಡಿಸು, ಆಮೇಲೆ ನೋಡೋಣ. ಆದರೆ ಒಂದು ಸಂಶಯ ಉಳಿಯಿತು. ನೀನು ಕಲಬುರಗಿಯ ತಾಂಡಾ, ಬೀಡಿನ ಕಬ್ಬು ಎಂದೆ. ಆ ಮನೆಗಳ ಮಕ್ಕಳು ನಮ್ಮ ಸಭೆಗೆ ಬರುತ್ತಾರೆಯೇ? ನೋಟೀಸಿನಲ್ಲಿ ಸಭೆ ಯಾವಾಗ?

ಯುವತಿ: ನವೆಂಬರ್ ಕೊನೆಯ ವಾರ.

ಮಾಸ್ತರು: ದೀಪಾವಳಿ ಮುಗಿಯುತ್ತಲೇ ಅವರು ಬಾಗಿಲಿಗೆ ಬೀಗ ಹಾಕಿ ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಹೊರಟುಬಿಡುತ್ತಾರೆ. ಮಕ್ಕಳೂ ಜತೆಗೆ. ತಿರುಗಿ ಬರುವುದು ಯುಗಾದಿಯ ಹೊತ್ತಿಗೆ. ತಾಂಡಾದಲ್ಲಿ ಆಗ ಉಳಿದಿರುವುದು ಮುದುಕರು.

ಯುವತಿ: ಇದು ನಮ್ಮ ಗುಂಪಿನಲ್ಲಿ ಯಾರಿಗೂ ಹೊಳೆದಿರಲಿಲ್ಲ ಸರ್.

ಮಾಸ್ತರು: ಹಾಗಾದರೆ ನಾಲ್ಕನೆಯದು ಹಾಗೇ ಇರಲಿ. ಅದಕ್ಕೂ ಮೇಲೆ, ಒಂದನೆಯದಾಗಿ ಬರೆ: ಸಭೆ ದಸರೆಗೆ ಮೊದಲು ನಡೆಯಬೇಕು. ಪಂಚಾಯಿತಿಯ ಪಿಡಿಒ ಬಳಿ ನಾಳೆ ಬೆಳಿಗ್ಗೆ ಇಬ್ಬರೂ ಹೋಗೋಣ.